14 ಲೋಗೊ ಆಯ್ತು, ಇನ್ನೂ ಒಪ್ಪಿಗೆ ಇಲ್ಲ. ನನಗೆ ಕೈ ಬರಲ್ವಾ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎರಡು ವರ್ಷದಿಂದ ಫ್ರೀಲಾನ್ಸ್ ಡಿಸೈನರ್ ಆಗಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಸೋದರಮಾವನ ಪರಿಚಯದವರೊಬ್ಬರು ಶಿರಸಿ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಬೆಂಗಳೂರಿನ ಅಂಗಡಿಗಳಿಗೂ ಕೊಡಬೇಕು, ಒಳ್ಳೆ ಬ್ರ್ಯಾಂಡ್ ಮಾಡಿಕೊಡಮ್ಮ ಅಂದರು. 12,000 ರೂಪಾಯಿಗೆ ಒಪ್ಪಿದೆ. ಸಂಕೋಚವಾಗಿ ಅಡ್ವಾನ್ಸ್ ಕೇಳಲಿಲ್ಲ. ಮೊದಲು 5 ಲೋಗೊ ಕಳಿಸಿದೆ, ಈಗ 14 ಆಗಿವೆ. ಕಾಕಾಗೆ ಮಾವಿನ ಮರ, ಭರಣಿ, ಅಡಿಕೆ ತೋಟ, ದೀಪ ಎಲ್ಲವೂ ಬೇಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಮಗನಿಗೆ ಬರೀ ಇಂಗ್ಲಿಷ್ ಅಕ್ಷರದ ಸಿಂಪಲ್ ಲೋಗೊ ಬೇಕು. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿ ವೋಟ್ ಮಾಡಿಸುತ್ತಾರೆ. ಹೋದ ವಾರ ಮಗ ಎಐ ಆ್ಯಪ್‌ನಲ್ಲಿ ಮಾಡಿದ ಚಿತ್ರ ಕಳಿಸಿ ‘ಇದು 2 ನಿಮಿಷದಲ್ಲಿ ಆಯ್ತು ನೋಡಿ’ ಅಂದರು. ಉಪ್ಪಿನಕಾಯಿ ಹಾಕುವ ಕಾಕು, ಅಂದರೆ ಕಾಕಾನ ಹೆಂಡತಿ, ಮಾತ್ರ ಏನೂ ಹೇಳುವುದಿಲ್ಲ, ‘ಮಿಡಿ ಚೊಲೊ ಇದ್ದರೆ ಸಾಕು’ ಅಂತಾರೆ. ನನಗೆ ಈ ಕೆಲಸ ಬರುವುದಿಲ್ಲವೇನೋ ಅನ್ನಿಸುತ್ತಿದೆ. ಗ್ರಾಹಕರಿಗೆ ದಾರಿ ತೋರಿಸುವುದು ಹೇಗೆ? ಇಲ್ಲ, ಕೆಲಸ ಬಿಟ್ಟುಬಿಡಲಾ?

ಉತ್ತರ: ನೀವು ಪತ್ರದ ಜೊತೆ ಕಳಿಸಿದ 14 ಲೋಗೊಗಳನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹಾಸಿಕೊಂಡು ನೋಡಿದೆ. ಕೈ ಬರುವುದಿಲ್ಲ ಎಂಬ ಭಯ ಮೊದಲು ಬಿಡಿ. ಆರನೆಯದರಲ್ಲಿ ಮಿಡಿಯ ತೊಟ್ಟನ್ನು ಒಂದೇ ಗೆರೆಯಲ್ಲಿ ಎಳೆದಿದ್ದೀರಿ. ತೊಟ್ಟಿನ ಬುಡದಲ್ಲಿ ಸೊನೆಯ ಒಂದು ಹನಿ ಇದೆ. ಮಿಡಿ ಕೊಯ್ದದ್ದನ್ನು ಹತ್ತಿರದಿಂದ ನೋಡದವರಿಗೆ ಆ ಹನಿ ಹೊಳೆಯುವುದಿಲ್ಲ. ಹನ್ನೊಂದನೆಯದರ ಹೊತ್ತಿಗೆ ಹನಿ ಮಾಯವಾಗಿದೆ, ಮರ ಬಂದಿದೆ, ದೀಪ ಬಂದಿದೆ. ಹದಿನಾಲ್ಕನೆಯದರಲ್ಲಿ ದಣಿವು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕೆಲಸ ಹಾಳಾದದ್ದು ನಿಮ್ಮ ಕೈಯಿಂದಲ್ಲ. ಮಾತು ಮುಗಿಯುವ ಮೊದಲೇ ಚಿತ್ರ ಶುರುವಾಯಿತು, ಅಲ್ಲಿ ಹಾಳಾಯಿತು.

ಸೀರೆ ಅಂಗಡಿ ನೆನೆಸಿಕೊಳ್ಳಿ. ಹಾಸಿದಷ್ಟೂ ‘ಇನ್ನೊಂದು ತೋರಿಸಿ’ ಅನ್ನುತ್ತೇವೆ ಅಲ್ವಾ? ಹತ್ತು ಸೀರೆ ಆದ ಮೇಲೆ ಮೊದಲು ನೋಡಿದ್ದೇ ಚೆನ್ನಾಗಿತ್ತೇನೋ ಅನ್ನಿಸುತ್ತದೆ, ಕೊನೆಗೆ ನಾಳೆ ಬರುತ್ತೇವೆ ಅಂತ ಎದ್ದು ಬರುತ್ತೇವೆ. ಪಳಗಿದ ಅಂಗಡಿಯವರು ಗಂಟು ಬಿಚ್ಚುವ ಮೊದಲೇ ಕೇಳಿಬಿಡುತ್ತಾರೆ: ಯಾರಿಗೆ, ಯಾವ ಕಾರ್ಯಕ್ಕೆ, ಎಷ್ಟರೊಳಗೆ. ಆಮೇಲೆ ಎರಡೋ ಮೂರೋ ಸೀರೆ ತೆಗೆಯುತ್ತಾರೆ. ನೀವು ಏನೂ ಕೇಳದೆ ಐದು ಹಾಸಿದಿರಿ. ಆ ಮನೆಯವರಿಗೆ ಆರಿಸಲು ಯಾವ ಅಳತೆಗೋಲೂ ಇರಲಿಲ್ಲ. ಅಳತೆಗೋಲು ಇಲ್ಲದವರು ಇಷ್ಟ-ಕಷ್ಟದ ಮೇಲೆ ಹೇಳುತ್ತಾರೆ. ಇಷ್ಟ ದಿನಕ್ಕೊಂದು, ತಲೆಗೊಂದು. ಅದು ಅವರ ತಪ್ಪಲ್ಲ.

ನನಗೂ ಇದು ಆಗಿದೆ. ಹದಿನೇಳು ವರ್ಷದ ಹಿಂದೆ, ಕೆಲಸ ಶುರುಮಾಡಿದ ಹೊಸದರಲ್ಲಿ, ಒಂದು ದರ್ಶಿನಿ ಹೋಟೆಲಿಗೆ 22 ಲೋಗೊ ಮಾಡಿದ್ದೆ. ಕೊನೆಗೆ ಅವರು ಫ್ಲೆಕ್ಸ್ ಅಂಗಡಿಯವರ ಹತ್ತಿರ ಇಪ್ಪತ್ತು ನಿಮಿಷದಲ್ಲಿ ಬೋರ್ಡ್ ಮಾಡಿಸಿಕೊಂಡರು. ಒಂದು ರೂಪಾಯಿಯೂ ಬರಲಿಲ್ಲ. ಆಗ ತುಂಬಾ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರ ಹೋಟೆಲಿಗೆ ಬೆಳಿಗ್ಗೆ ಆರಕ್ಕೆ ಯಾರು ಬರುತ್ತಾರೆ ಎಂದು ಕೂಡ ನಾನು ಕೇಳಿರಲಿಲ್ಲ.

ಗ್ರಾಹಕರ ಹತ್ತಿರ ಮತ್ತೆ ಕೂರುವ ಮೊದಲು ಒಂದೆರಡು ತಪ್ಪು ನಂಬಿಕೆ ಬಿಡಿಸಿಕೊಳ್ಳಬೇಕು. ಅವರದೂ, ನಮ್ಮದೂ.

ಲೋಗೊ ಅಂದರೆ ಬ್ರ್ಯಾಂಡ್ ಎಂಬುದು ಮೊದಲನೆಯದು. ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ ಪ್ರಾಣಿ ಯಾವುದು ಎಂದು ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಸಿಂಹದ ಮೈ, ಆನೆಯ ತಲೆ ಇರುವ ಶರಭ ಅದು. ದಿನಾ ಮೈಗೆ ಹಚ್ಚುವವರೂ ತಡವರಿಸುತ್ತಾರೆ. ಆದರೆ ಕಣ್ಣು ಮುಚ್ಚಿ ಕೈಗೆ ಕೊಡಿ, ಆ ಅಂಡಾಕಾರ, ಆ ಗಂಧದ ವಾಸನೆ, ಹೂವಿನ ಚಿತ್ತಾರದ ಆ ಪೆಟ್ಟಿಗೆಯ ನೆನಪು, ಎಲ್ಲ ಒಟ್ಟಿಗೆ ಬರುತ್ತದೆ. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಿನಿಂದ ನೂರು ವರ್ಷ ದಾಟಿ ಜನ ಗುರುತಿಟ್ಟುಕೊಂಡದ್ದು ಇದನ್ನು. ಶರಭ ಅದರಲ್ಲಿ ಒಂದು ಪಾಲು ಅಷ್ಟೆ. ನಿಮ್ಮ ಕಾಕಾ ಕೇಳಿದ್ದು ಬ್ರ್ಯಾಂಡ್, ನೀವು ಕೊಟ್ಟದ್ದು ಬರೀ ಲೋಗೊ. ಹೆಸರು, ಅಕ್ಷರ, ಬಣ್ಣ, ಬಾಟಲಿ, ಲೇಬಲ್ಲಿನ ಮೇಲಿನ ಮಾತು, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಎಲ್ಲವೂ ಅದರೊಳಗೆ ಬರುತ್ತದೆ.

ಮಾಡುವ ವ್ಯಾಪಾರವೆಲ್ಲ ಲೋಗೊದಲ್ಲಿ ಕಾಣಬೇಕು ಎಂಬುದು ಎರಡನೆಯದು. ಕಾಕಾ ಮರ, ತೋಟ, ದೀಪ ಕೇಳುತ್ತಿರುವುದು ಇದರಿಂದಲೇ. ಅವರಿಗೆ ಸ್ಟೇಟ್ ಬ್ಯಾಂಕಿನ ಪಾಸ್‌ಬುಕ್ ತೋರಿಸಿ. ನೀಲಿ ಗುಂಡು, ಮಧ್ಯೆ ಒಂದು ತೂತು, ಕೆಳಗೊಂದು ಸೀಳು. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಮಾಡಿದ್ದು. ನೋಟಿಲ್ಲ, ನಾಣ್ಯವಿಲ್ಲ, ತಿಜೋರಿ ಇಲ್ಲ. ಆದರೂ ಓದು ಬಾರದ ಅಜ್ಜಿಯೂ ಸಂತೆಪೇಟೆಯಲ್ಲಿ ಅದನ್ನು ನೋಡಿ ಬ್ಯಾಂಕಿಗೆ ಹೋಗುತ್ತಾಳೆ. ಗುರುತು ಹಿಡಿಯುವಷ್ಟು ಸರಳವಾಗಿರುವುದು, ಅದನ್ನೇ ಬದಲಾಯಿಸದೆ ಎಲ್ಲ ಕಡೆ ಹಾಕುವುದು, ಇವೆರಡು ಲೋಗೊದ ಕೆಲಸ. ಕಥೆ ಹೇಳಲು ಲೇಬಲ್ಲಿನಲ್ಲಿ ಬೇರೆ ಜಾಗ ಇದೆ.

ಇನ್ನು ವೋಟ್ ಹಾಕಿಸುವುದು. ಮದುವೆ ಊಟಕ್ಕೆ ಯಾವ ಸಿಹಿ ಅನ್ನುವುದಕ್ಕೆ ಅದು ಸರಿ, ಇದಕ್ಕೆ ಸರಿಯಲ್ಲ. ಗ್ರೂಪಿನಲ್ಲಿರುವ ಅತ್ತಿಗೆ, ಭಾವ ಯಾರೂ ಆ ಉಪ್ಪಿನಕಾಯಿ ದುಡ್ಡು ಕೊಟ್ಟು ಕೊಳ್ಳುವವರಲ್ಲ. ಅವರ ಮಾತು ಪ್ರೀತಿಯದು, ಆದರೆ ಕೆಲಸಕ್ಕೆ ಬರುವುದಿಲ್ಲ.

ಈಗ ದಾರಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ಸಾಲು ಕೊನೆಯಲ್ಲಿದೆ. ‘ಕಾಕು ಮಾತ್ರ ಏನೂ ಹೇಳುವುದಿಲ್ಲ.’ ಉಪ್ಪಿನಕಾಯಿ ಹಾಕುವವರು ಅವರು. ಅವರನ್ನು ಯಾರಾದರೂ ಏನಾದರೂ ಕೇಳಿದಿರಾ? ಲೋಗೊ ಹೇಗಿದೆ ಎಂದು ಕೇಳಿರಬಹುದು. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ, ಇರಬೇಕಾಗಿಯೂ ಇಲ್ಲ. ಮಿಡಿಯ ಬಗ್ಗೆ ಕೇಳಿ.

ಏಕೆ ಹೀಗೆ ಹೇಳುತ್ತೇನೆ ಅಂದರೆ, ಕೆಲವು ವರ್ಷದ ಹಿಂದೆ ತುಮಕೂರು ಕಡೆಯ ಒಂದು ಗಾಣದ ಎಣ್ಣೆಯವರಿಗೆ ಕೆಲಸ ಮಾಡಿದೆ. ಗಂಡ ಒಂದು ಗಂಟೆ ಮಾತಾಡಿದರು. ಶುದ್ಧತೆ, ಪರಂಪರೆ, ಆರೋಗ್ಯ. ಎಲ್ಲ ಎಣ್ಣೆ ಬಾಟಲಿಯ ಮೇಲೂ ಇರುವ ಮಾತೇ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಏಳಲಿಲ್ಲ. ಹೆಂಡತಿ ಚಹಾ ತಂದಿಟ್ಟು ಹೋಗುತ್ತಿದ್ದರು. ಸುಮ್ನೆ ಕೇಳಿದೆ, ‘ಹೊಸ ಗಿರಾಕಿ ಬಂದು ಅನುಮಾನ ಪಟ್ಟರೆ ಏನು ಮಾಡ್ತೀರಮ್ಮ?’ ಅವರು ಅಂದರು, ‘ಎಣ್ಣೆ ತೋರಿಸಲ್ಲ ಸಾರ್. ಗಾಣದಿಂದ ಆಗ ತಾನೇ ಬಿದ್ದ ಹಿಂಡಿ ಕೈಗೆ ಕೊಡ್ತೀನಿ. ಬಿಸಿ ಇರುತ್ತೆ. ಮುರಿದು ಬಾಯಿಗೆ ಹಾಕ್ಕೊಳ್ಳಿ ಅಂತೀನಿ. ಕಡ್ಲೆಕಾಯಿ ರುಚಿ ಇನ್ನೂ ಅದರಲ್ಲೇ ಇರುತ್ತೆ.’ ಆ ಬಾಟಲಿಯ ಎಲ್ಲವೂ ಅಲ್ಲಿಂದ ಹುಟ್ಟಿತು. ಎಲ್ಲರೂ ಹಾಕುವ ಹಸಿರೆಲೆ ಬಿಟ್ಟೆವು. ಹಿಂಡಿಯ ಕಂದು ಬಣ್ಣ ಬಂತು. ‘ಹಿಂಡಿ ತಿಂದು ನೋಡಿ, ಆಮೇಲೆ ಎಣ್ಣೆ ಕೊಳ್ಳಿ’ ಎಂಬ ಸಾಲು ಬಂತು. ಅಂಗಡಿಗೆ ಕೊಡುವ ಪೆಟ್ಟಿಗೆಯಲ್ಲಿ ಪುಟ್ಟ ಹಿಂಡಿ ಪೊಟ್ಟಣವೂ ಸೇರಿತು. ನಾನು ಕಟ್ಟಿದ್ದು ಏನೂ ಇಲ್ಲ, ಅವರ ಮಾತನ್ನು ಬಾಟಲಿಯ ಮೇಲೆ ತಂದೆ ಅಷ್ಟೆ.

ನಿಮ್ಮ ಕಾಕು ಹತ್ತಿರ ಇದಕ್ಕಿಂತ ಜಾಸ್ತಿ ಇದೆ ಎಂದು ನನ್ನ ನಂಬಿಕೆ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಮಿಡಿಗೆ ಮರದ ಹೆಸರೇ ಹೆಸರು. ‘ಅನಂತ ಭಟ್ಟನ ಅಪ್ಪೆ’ ಅಂದರೆ ಅಲ್ಲಿಯವರಿಗೆ ಬೇರೇನೂ ಹೇಳಬೇಕಿಲ್ಲ. ಒಂದು ಮರದ್ದು ಜೀರಿಗೆ ಪರಿಮಳ, ಇನ್ನೊಂದರದ್ದು ಕರ್ಪೂರದ್ದು. ಹೊಳೆಯ ದಂಡೆಯ ಕಾಡುಮರ, ವರ್ಷಕ್ಕೊಂದೇ ಸುಗ್ಗಿ, ಅದೂ ಕೆಲವೇ ವಾರ. ಕೊಯ್ಯುವಾಗ ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಕೆಳಗೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಬ್ರ್ಯಾಂಡ್ ಕಟ್ಟುವವರು ವರ್ಷಗಟ್ಟಲೆ ಹುಡುಕುವ ಸರಕು ಆ ಊರಿನಲ್ಲಿ ಮಾತಿನಲ್ಲೇ ಇದೆ. ಅದನ್ನು ಬಿಟ್ಟು ‘ಮನೆಯ ರುಚಿ’ ಎಂದು ಬರೆದರೆ ಅದು ಯಾರ ಮನೆ?

ಕೂತಾಗ ‘ಯಾವ ಬಣ್ಣ ಇಷ್ಟ, ಯಾವ ಸ್ಟೈಲ್ ಬೇಕು’ ಎಂದು ಕೇಳಬೇಡಿ. ಈಗ ಯಾರು ಕೊಳ್ಳುತ್ತಾರೆ, ಮೊದಲ ಸಲ ಅವರಿಗೆ ಯಾರು ಹೇಳಿದರು ಎಂದು ಕೇಳಿ. ಯಾವ ಮಿಡಿಯನ್ನು ಬೇಡ ಅಂತ ವಾಪಸ್ ಕಳಿಸುತ್ತೀರಿ? ಹೋದ ವರ್ಷ ಯಾರಾದರೂ ದೂರು ಹೇಳಿದರಾ? ಅತ್ತೆ ಹಾಕುತ್ತಿದ್ದುದಕ್ಕೂ ನೀವು ಹಾಕುವುದಕ್ಕೂ ಏನು ವ್ಯತ್ಯಾಸ? ಇನ್ನೊಬ್ಬರು ಇದರ ಅರ್ಧ ಬೆಲೆಗೆ ಕೊಟ್ಟರೆ ನೀವೇನು ಹೇಳುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಸ್ವಲ್ಪ ಸಿಟ್ಟಿನಲ್ಲಿ ಬರುತ್ತದೆ, ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಅಷ್ಟು ನೇರವಾದ ಮಾತು ಆಮೇಲೆ ಸಿಗುವುದಿಲ್ಲ.

ಮನೆಗೆ ಬಂದು ಇದನ್ನೆಲ್ಲ ಒಂದು ಪುಟದಲ್ಲಿ ಬರೆಯಿರಿ. ಕನ್ನಡದಲ್ಲೇ, ಅವರಾಡಿದ ಮಾತಿನಲ್ಲೇ. ಯಾರಿಗಾಗಿ, ಉಳಿದವರಿಗಿಂತ ಏನು ಬೇರೆ, ನೋಡಿದವರಿಗೆ ಏನನ್ನಿಸಬೇಕು, ಎಲ್ಲೆಲ್ಲಿ ಬಳಸುತ್ತಾರೆ, ಏನು ಇರಬಾರದು. ಆ ಪುಟವನ್ನು ಕಾಕಾ, ಕಾಕು, ಮಗ ಮೂವರೂ ಇರುವಾಗ ಗಟ್ಟಿಯಾಗಿ ಓದಿ ಹೇಳಿ. ಮಗ ವಿಡಿಯೊ ಕಾಲ್‌ನಲ್ಲಿ ಇದ್ದರೂ ಆಗುತ್ತದೆ. ತಿದ್ದುವುದನ್ನು ಅಲ್ಲೇ ತಿದ್ದಿ. ಕೊನೆಯ ಮಾತು ಯಾರದು ಎಂಬುದೂ ಆ ಪುಟದಲ್ಲಿ ಇರಲಿ, ಒಬ್ಬರದೇ ಹೆಸರು. ತಂದೆ-ಮಗನ ಜಗಳ ಲೋಗೊದ ಮೇಲೆ ಬಂದದ್ದು ಅದಕ್ಕೆ ಮೊದಲೇ ಒಂದು ಪ್ರಶ್ನೆ ತೀರ್ಮಾನ ಆಗದೆ ಇದ್ದದ್ದರಿಂದ: ಇದು ಊರಿನವರಿಗೆ ಮಾರುವ ಉಪ್ಪಿನಕಾಯಿಯೋ, ಬೆಂಗಳೂರಿನಲ್ಲಿ ಊರು ನೆನೆಸಿಕೊಳ್ಳುವವರಿಗೆ ಮಾರುವುದೋ? ಅದನ್ನು ಮಾತಿನಲ್ಲಿ ತೀರ್ಮಾನಿಸಬೇಕು. ಚಿತ್ರದಲ್ಲಿ ಆಗುವುದಿಲ್ಲ.

ಪುಟ ಒಪ್ಪಿಗೆಯಾದ ಮೇಲೂ ಪೆನ್ಸಿಲ್ ಹಿಡಿಯುವ ಮೊದಲು ಹೆಸರು ನೋಡಿ. ಬರೀ ‘ಮಲೆನಾಡ ಅಪ್ಪೆಮಿಡಿ’ ಎಂಬಂಥ ಹೆಸರು ಯಾರೊಬ್ಬರ ಸ್ವತ್ತೂ ಆಗುವುದು ಕಷ್ಟ, ಅದು ವಸ್ತುವನ್ನೇ ಹೇಳುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಹಾಗಾಗಿ ಆ ಜಿಐ ಮುದ್ರೆಯನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಲೇಬಲ್ಲಿಗೆ ಅಂಟಿಸಬೇಡಿ. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿರುತ್ತಾರೆ, ಉಪ್ಪಿನಕಾಯಿ ಬರುವುದು 29ನೇ ವರ್ಗದಲ್ಲಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಸರಕಾರಿ ಶುಲ್ಕ, ನೋಂದಣಿಯಾದರೆ 10 ವರ್ಷ ನಡೆಯುತ್ತದೆ. ಬೇರೆಯವರ ಹೆಸರಿಗೆ ಹತ್ತಿರವಿದೆ ಎಂದು ಲೇಬಲ್ ಅಚ್ಚಾದ ಮೇಲೆ ಗೊತ್ತಾದರೆ ನಷ್ಟ ಅವರದು, ಹೆಸರು ಕೆಡುವುದು ನಿಮ್ಮದು.

ಆಮೇಲೆ ಎರಡೇ ಎರಡು ವಿನ್ಯಾಸ ಮಾಡಿ. ಐದು ಬೇಡ. ನಾನಾದರೆ ಒಂದೇ ತೋರಿಸುತ್ತೇನೆ, ನಿಮ್ಮ ಈಗಿನ ಸ್ಥಿತಿಯಲ್ಲಿ ಎರಡು ಸರಿ. ಫೋನಿನಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಳಿಸಬೇಡಿ. ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆದು, ಅವರು ಬಳಸುವ ಬಾಟಲಿಗೇ ಸುತ್ತಿ, ಒಂದು ದಿನಸಿ ಅಂಗಡಿಯ ಹಲಗೆಯ ಮೇಲೆ ಬೇರೆ ಉಪ್ಪಿನಕಾಯಿ ಬಾಟಲಿಗಳ ನಡುವೆ ಇಟ್ಟು ನಾಲ್ಕು ಅಡಿ ದೂರದಿಂದ ನೋಡಿ. ಅಂಗಡಿಯವರು ಬೇಡ ಅನ್ನುವುದಿಲ್ಲ, ಕೇಳಿ. ಮೊದಲ ಸಲ ಹಾಗೆ ನೋಡಿದಾಗ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಗಿತ್ತು. ಸ್ಕ್ರೀನಿನಲ್ಲಿ ಅಷ್ಟು ಚೆಂದ ಇದ್ದದ್ದು ಅಲ್ಲಿ ಕಾಣಲೇ ಇಲ್ಲ. ಎಲ್ಲ ಬಾಟಲಿಯೂ ಕೆಂಪು-ಹಳದಿ, ನನ್ನದೂ ಕೆಂಪು-ಹಳದಿ.

ಮಗನ ಇಂಗ್ಲಿಷ್ ಬೇಡಿಕೆಯನ್ನು ತಳ್ಳಿಹಾಕಬೇಡಿ. ಬೆಂಗಳೂರಿನ ಅಂಗಡಿಯಲ್ಲಿ ಅದೂ ಬೇಕು. ಆದರೆ ಕನ್ನಡ ಮೊದಲು ಬರೆಯಿರಿ, ಇಂಗ್ಲಿಷ್ ಆಮೇಲೆ. ನಾನು ಇದರ ಮೇಲೆ ಹಟ ಹಿಡಿಯುತ್ತೇನೆ, ಅಭಿಮಾನಕ್ಕಾಗಿ ಮಾತ್ರ ಅಲ್ಲ, ಕಸುಬಿನ ಕಾರಣಕ್ಕೆ. ಇಂಗ್ಲಿಷ್ ದೊಡ್ಡಕ್ಷರಗಳು ಎರಡು ಗೆರೆಯ ನಡುವೆ ಗೋಡೆಯ ಹಾಗೆ ನಿಲ್ಲುತ್ತವೆ. ಕನ್ನಡ ಹಾಗಲ್ಲ. ‘ಅಪ್ಪೆಮಿಡಿ’ಯನ್ನೇ ನೋಡಿ. ‘ಪ್ಪೆ’ಯಲ್ಲಿ ಮೇಲೆ ಎತ್ವ, ಕೆಳಗೆ ಪಕಾರದ ಒತ್ತು. ‘ಮಿ’, ‘ಡಿ’ಗಳ ತಲೆಯ ಮೇಲೆ ಗುಡಿಸು. ಮೊದಲು ಇಂಗ್ಲಿಷಿಗೆ ಚೌಕಟ್ಟು ಕಟ್ಟಿ ಆಮೇಲೆ ಕನ್ನಡ ತುರುಕಿದರೆ ಒತ್ತಿಗೆ ಜಾಗ ಸಾಲದೆ ಇಡೀ ಹೆಸರನ್ನು ಕುಗ್ಗಿಸಬೇಕಾಗುತ್ತದೆ. ಕನ್ನಡ ಸಣ್ಣಗಾಗುವುದು ಹೀಗೆ. ಮೊದಲು ಕನ್ನಡ ನಿಂತರೆ ಇಂಗ್ಲಿಷ್ ಅದರ ಪಕ್ಕದಲ್ಲಿ ಸುಲಭವಾಗಿ ಕೂರುತ್ತದೆ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಇಂಥ ಫಾಂಟುಗಳನ್ನು ವ್ಯಾಪಾರದ ಕೆಲಸಕ್ಕೂ ಪುಕ್ಕಟೆ ಬಳಸಬಹುದು. ಅವನ್ನು ಅಡಿಪಾಯ ಮಾಡಿಕೊಂಡು ಒಂದೆರಡು ಅಕ್ಷರ ಕೈಯಾರೆ ತಿದ್ದಿ. ಆ ‘ಪ್ಪೆ’ಯ ಒತ್ತನ್ನು ನಿಮ್ಮ ಆರನೆಯ ಲೋಗೊದ ಸೊನೆಯ ಹನಿ ಮಾಡಬಹುದಲ್ಲವೇ ಎಂದು ನನಗೆ ನೋಡುವಾಗಲೇ ಅನ್ನಿಸಿತು. ಪ್ರೆಸ್‌ನಲ್ಲಿ ಹಳೆಯ ನುಡಿ ಫಾಂಟ್ ಇದ್ದು ನಿಮ್ಮದು ಯೂನಿಕೋಡ್ ಆಗಿದ್ದರೆ ಅಕ್ಷರ ಕಲಸಿಹೋಗುತ್ತವೆ. ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಇಲ್ಲದೆಯೂ ಕಾಣುವ ಗೆರೆಗಳಾಗಿ ಬದಲಿಸಿ. ಮುಂದೆ ಅವರು ಇಲ್ಲೇ ಅಂಗಡಿ ಹಾಕಿದರೆ, ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಮಗನಿಗೆ ಇದನ್ನೂ ಹೇಳಿ.

ತೋರಿಸುವ ದಿನ ಮೊದಲು ಆ ಪುಟ ಮತ್ತೆ ಓದಿ. ಆಮೇಲೆ ಬಾಟಲಿ ಇಡಿ. ‘ಇಷ್ಟ ಆಯ್ತಾ?’ ಎಂದು ಕೇಳಬೇಡಿ, ‘ನಾವು ಬರೆದುಕೊಂಡ ಮಾತು ಇದರಲ್ಲಿ ಕಾಣುತ್ತಾ?’ ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಇಡೀ ಮಾತುಕತೆ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆದರೂ ಕಾಕಾ ದೀಪ ಕೇಳುತ್ತಾರೆ. ಆಗ ‘ಆಗಲ್ಲ’ ಅನ್ನಬೇಡಿ, ‘ಸರಿ’ ಅಂತಲೂ ತಕ್ಷಣ ಅನ್ನಬೇಡಿ. ದೀಪ ಯಾಕೆ ಬೇಕು ಎಂದು ಕೇಳಿ. ಅವರ ತಾಯಿ ಭರಣಿ ತೆಗೆಯುವ ದಿನ ದೀಪ ಹಚ್ಚುತ್ತಿದ್ದಿರಬಹುದು. ಹಾಗಿದ್ದರೆ ಅದು ಲೇಬಲ್ಲಿನ ಹಿಂಬದಿಗೆ ಎರಡು ಸಾಲಿನ ಒಳ್ಳೆಯ ಕಥೆ. ಸುಮ್ನೆ ಶುಭ ಅಂತ ಇರಬಹುದು. ಹಾಗಿದ್ದರೆ ಮೊದಲ ಪೆಟ್ಟಿಗೆ ಕಳಿಸುವ ದಿನ ಪೂಜೆ ಮಾಡಿದರಾಯಿತು. ಗ್ರಾಹಕರು ಹೇಳುವುದು ಔಷಧಿ, ನಾವು ಕೇಳಬೇಕಾದದ್ದು ಎಲ್ಲಿ ನೋವು ಎಂದು. ‘ಲೋಗೊ ದೊಡ್ಡದು ಮಾಡಿ’ ಅಂದರೆ ಎಷ್ಟೋ ಸಲ ‘ಅಂಗಡಿಯಲ್ಲಿ ನನ್ನದು ಕಾಣದೆ ಹೋದರೆ?’ ಎಂಬ ಹೆದರಿಕೆ. ಬಣ್ಣ ಬದಲಿಸಿದರೂ ಅದು ಹೋಗುತ್ತದೆ.

ಅವರೇ ಸರಿ ಇರುವ ಸಂದರ್ಭವೂ ಇರುತ್ತದೆ. ರಾಗಿ ಹುರಿಹಿಟ್ಟು ಮಾಡುವವರೊಬ್ಬರು ‘ಅಕ್ಷರ ಸಣಕಲಾಯ್ತು’ ಅಂದಾಗ ನಾನು ಕೇಳಲಿಲ್ಲ, ನಾಜೂಕಾಗಿದೆ ಎಂದು ವಾದಿಸಿ ಒಪ್ಪಿಸಿದೆ. ಪೌಚ್ ಅಚ್ಚಾಗಿ ಬಂದಾಗ ಒತ್ತಕ್ಷರಗಳ ಸಣ್ಣ ಗೆರೆ ಅರ್ಧ ಅಳಿಸಿಹೋಗಿತ್ತು. ಅಚ್ಚು ಒತ್ತುವ ಸಿಲಿಂಡರ್ ಮತ್ತೆ ಮಾಡಿಸಬೇಕಾಯಿತು. ಅದರ ಖರ್ಚು ನಾನೇ ಕೊಟ್ಟೆ, ಕೊಡಬೇಕಾದದ್ದೇ.

ಅಚ್ಚಿನ ಮಾತು ಬಂತು, ಎರಡು ವಿಷಯ ಹೇಳಿಬಿಡುತ್ತೇನೆ. ಪೌಚಿಗೆ ಹೋಗುವುದಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್, ಹಾಗಾಗಿ ಬಣ್ಣ ಕಡಿಮೆ ಇದ್ದಷ್ಟೂ ಅವರಿಗೆ ಉಳಿತಾಯ. ಬಾಟಲಿ ಸ್ಟಿಕರ್ ಆದರೆ ಬರೀ ಕಾಗದದ್ದು ಬೇಡ. ಆ ಗಾಣದ ಎಣ್ಣೆಯ ಮೊದಲ ಸ್ಟಿಕರ್ ಮ್ಯಾಟ್ ಕಾಗದದಲ್ಲಿ ಮಾಡಿಸಿದ್ದೆ, ಕೈಗೆ ಎಷ್ಟು ಹಿತ ಅನ್ನಿಸಿತ್ತು! ಒಂದು ವಾರ ಅಡುಗೆಮನೆಯಲ್ಲಿಟ್ಟು ನೋಡಿದೆ. ಬಾಟಲಿಯ ಬಾಯಿಂದ ಇಳಿದ ಒಂದೇ ಗೆರೆ ಎಣ್ಣೆ ಕಾಗದವನ್ನು ಪಾರದರ್ಶಕ ಮಾಡಿತ್ತು, ಹಿಂದಿನ ಅಂಟು ಕಾಣುತ್ತಿತ್ತು, ‘ಗಾಣ’ದ ದೀರ್ಘ ಬೆರಳಿಗೆ ಬಂತು. ಉಪ್ಪಿನಕಾಯಿ ರಸವೂ ಇಷ್ಟೇ ಕೆಟ್ಟದ್ದು. ಲ್ಯಾಮಿನೇಶನ್ ಇರುವುದನ್ನು ಮಾಡಿಸಿ, ರಸ ಹಚ್ಚಿ ಉಜ್ಜಿ ನೋಡಿ.

ಲೇಬಲ್ಲಿನಲ್ಲಿ ಕಾನೂನಿನ ಜಾಗ ಮೊದಲೇ ಬಿಟ್ಟುಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತು ಮತ್ತು 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕಿ, ಪದಾರ್ಥಗಳು, ತೂಕ, ಎಂಆರ್‌ಪಿ, ದಿನಾಂಕಗಳು, ಪೂರ್ತಿ ವಿಳಾಸ, ದೂರು ಹೇಳಲು ಸಂಖ್ಯೆ. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡ ಹಾಕಬಹುದು. ಇಷ್ಟಕ್ಕೇ ಅರ್ಧ ಲೇಬಲ್ ಹೋಗುತ್ತದೆ.

ಎಐ ಚಿತ್ರದ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಆ ಹುಡುಗ ನಿಮ್ಮನ್ನು ಹಂಗಿಸಲು ಕಳಿಸಿರಲಿಕ್ಕಿಲ್ಲ, ತನ್ನ ಮನಸ್ಸಿನಲ್ಲಿರುವುದನ್ನು ತೋರಿಸಲು ಅವನಿಗೆ ಬೇರೆ ದಾರಿ ಗೊತ್ತಿಲ್ಲ. ಅದರಲ್ಲಿ ಏನು ಹಿಡಿಸಿತು ಎಂದು ಕೇಳಿ. ‘ಖಾಲಿ ಜಾಗ ಜಾಸ್ತಿ ಇದೆ’ ಅನ್ನಬಹುದು, ಅದು ಒಳ್ಳೆಯ ಸುಳಿವು. ಆಮೇಲೆ ಆ ಚಿತ್ರವನ್ನೂ ಪ್ರಿಂಟ್ ತೆಗೆದು ಬಾಟಲಿಗೆ ಸುತ್ತಿ ಜೊತೆಗಿಟ್ಟು ತೋರಿಸಿ. ಕನ್ನಡ ಹೆಸರು ಹಾಕಿಸಲು ಹೇಳಿ. ಇಂಥ ಆ್ಯಪ್‌ಗಳು ಒತ್ತಕ್ಷರ ಕೆಡಿಸುವುದನ್ನು ನಾನು ಹಲವು ಸಲ ನೋಡಿದ್ದೇನೆ. ಎಷ್ಟು ಹಿಗ್ಗಿಸಿದರೂ ಕೆಡದ ವೆಕ್ಟರ್ ಫೈಲ್ ಇಲ್ಲದಿದ್ದರೆ ವ್ಯಾನಿನ ಮೇಲೆ ದೊಡ್ಡದು ಮಾಡಿದಾಗ ಅಂಚು ಒಡೆಯುತ್ತದೆ. ಅದನ್ನೇ ಹೋಲುವ ಚಿತ್ರ ಇನ್ನೊಬ್ಬರಿಗೂ ಬರಬಹುದು. ಇದನ್ನೆಲ್ಲ ವಾದ ಮಾಡಿ ಗೆಲ್ಲಬೇಕಾಗಿಲ್ಲ, ಬಾಟಲಿ ಎದುರಿಗಿದ್ದರೆ ಅವರಿಗೇ ಕಾಣುತ್ತದೆ.

ಈಗ ದುಡ್ಡು. ನಿಮ್ಮ ಮುಂದೆ ಮೂರು ದಾರಿ ಇದೆ. ಹೀಗೇ ಮುಂದುವರಿಸಿ 15, 16, 17 ಮಾಡುವುದು ಒಂದು. ಮಾಡಬೇಡಿ. ನನಗಾದದ್ದೇ ನಿಮಗೂ ಆಗುತ್ತದೆ. ಇನ್ನೊಂದು, ಮರ್ಯಾದೆಯಿಂದ ಹೊರಬರುವುದು. ಇಲ್ಲಿಯವರೆಗಿನ ಕೆಲಸಕ್ಕೆ ಇಷ್ಟು ಎಂದು ಹೇಳಿ, ಬಂದಷ್ಟು ತೆಗೆದುಕೊಂಡು ಬಿಡುವುದು. ಮನೆಯ ಪರಿಚಯದವರಾದ್ದರಿಂದ ಮಾವನಿಗೆ ಮುಜುಗರ ಆಗಬಹುದು, ದುಡ್ಡೂ ಬರದೆ ಇರಬಹುದು. ಆದರೆ ಎರಡು ತಿಂಗಳ ನಿದ್ದೆ ಉಳಿಯುತ್ತದೆ. ಅದು ಸೋಲೇನಲ್ಲ. ಮೂರನೆಯದು, ನಿಲ್ಲಿಸಿ, ಮೇಲೆ ಹೇಳಿದ ಹಾಗೆ ಮೊದಲಿಂದ ಶುರುಮಾಡುವುದು. ನಾನಾದರೆ ಇದನ್ನೇ ಮಾಡುತ್ತೇನೆ. ಇದರಲ್ಲೂ ಅಪಾಯ ಇದೆ. ‘ಇಷ್ಟು ದಿನ ಮಾಡಿದ್ದೇನು ಹಾಗಾದರೆ?’ ಅನ್ನಬಹುದು. ಅರ್ಧ ದುಡ್ಡು ಕೇಳಿದ ಕೂಡಲೇ ಮಾತು ಬಿಡಬಹುದು. ಹಾಗೆ ಬಿಡುವವರು ಇಪ್ಪತ್ತನೆಯ ಲೋಗೊದ ನಂತರವೂ ಕೊಡುತ್ತಿರಲಿಲ್ಲ.

12,000ಕ್ಕೆ ಏನೇನು ಎಂದು ಬರೆದುಕೊಡಿ: ಹೆಸರಿನ ಅಕ್ಷರ ಎರಡು ಲಿಪಿಯಲ್ಲಿ, ಒಂದು ಲೇಬಲ್, ಬಣ್ಣ-ಫಾಂಟಿನ ಒಂದು ಪುಟ, ಎರಡು ಸುತ್ತು ತಿದ್ದುಪಡಿ. ಡಬ್ಬ, ವಿಸಿಟಿಂಗ್ ಕಾರ್ಡ್, ಬೋರ್ಡ್ ಬೇಕಾದರೆ ಬೇರೆ. ಅರ್ಧ ಈಗ, ಅರ್ಧ ಫೈಲ್ ಕೊಡುವಾಗ.

ಕಾಗದ ಅಂದರೆ ಅಪನಂಬಿಕೆ ಎಂದು ಕಾಕಾ ತಿಳಿಯಬಹುದು. ಅದು ಅವರ ಒಳ್ಳೆಯದಕ್ಕೇ ಎಂದು ವಿವರಿಸಿ, ಏಕೆಂದರೆ ಅದು ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರರಲ್ಲದ ನಮ್ಮಂಥವರು ಬಿಡಿಸಿದ ಲೋಗೊದ ಹಕ್ಕು, ದುಡ್ಡು ಕೊಟ್ಟ ಮಾತ್ರಕ್ಕೆ ಸಾಮಾನ್ಯವಾಗಿ ಅವರ ಹೆಸರಿಗೆ ಹೋಗುವುದಿಲ್ಲ. ಬರವಣಿಗೆಯಲ್ಲಿ ಸಹಿ ಮಾಡಿ ವರ್ಗಾಯಿಸಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಅಮೆರಿಕದ ನೆಂಟರಿಗೆ ಉಪ್ಪಿನಕಾಯಿ ಕಳಿಸುವ ಆಸೆ ಆ ಮನೆಯಲ್ಲಿ ಇದ್ದೇ ಇರುತ್ತದೆ. ಪೂರ್ತಿ ದುಡ್ಡು ಬಂದ ದಿನ ಪೂರ್ತಿ ಹಕ್ಕು ಬರೆದುಕೊಡಿ. ನೀವೂ ಸಣ್ಣ ಉದ್ಯಮಗಳಿಗಿರುವ ಸರಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕ ಇಲ್ಲ. ನೋಂದಣಿ ಇದ್ದ ಸಣ್ಣ ಉದ್ಯಮಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಈ ಮನೆಯವರ ಮೇಲೆ ಅದನ್ನು ಎತ್ತಬೇಡಿ, ಮುಂದಿನ ದೊಡ್ಡ ಗ್ರಾಹಕರಿಗೆ ಬೇಕಾಗುತ್ತದೆ.

ಇವತ್ತು ರಾತ್ರಿ ಕಾಕಾಗೆ ಇಷ್ಟು ಬರೆಯಿರಿ. ನಿಮ್ಮ ಮಾತಿಗೆ ಹೊಂದಿಸಿಕೊಳ್ಳಿ:

‘ಕಾಕಾ, ನಮಸ್ಕಾರ. 14 ಲೋಗೊ ಆದರೂ ನಿಮಗೆ ಸಮಾಧಾನ ಆಗಿಲ್ಲ, ನನಗೂ ಆಗಿಲ್ಲ. ನಿಮ್ಮ ಉಪ್ಪಿನಕಾಯಿ ಬಗ್ಗೆ ಪೂರ್ತಿ ತಿಳಿದುಕೊಳ್ಳದೆ ಚಿತ್ರ ಶುರುಮಾಡಿದ್ದು ನನ್ನ ತಪ್ಪು. ಬರುವ ಭಾನುವಾರ ನಿಮ್ಮಲ್ಲಿಗೆ ಬಂದು ಅರ್ಧ ದಿನ ಕಾಕು ಜೊತೆ ಕೂರುತ್ತೇನೆ. ಆಮೇಲೆ ಒಂದು ಪುಟ ಬರೆದು ನಿಮಗೆಲ್ಲ ಓದಿ ಹೇಳುತ್ತೇನೆ. ಅದು ಒಪ್ಪಿಗೆಯಾದರೆ ಎರಡೇ ಲೇಬಲ್ ಮಾಡಿ, ಬಾಟಲಿಗೆ ಹಚ್ಚಿ ತೋರಿಸುತ್ತೇನೆ. ಕೆಲಸ ಮುಂದುವರಿಸಲು 6,000 ಈಗ ಬೇಕಾಗುತ್ತದೆ, ಉಳಿದದ್ದು ಫೈಲ್ ಕೊಡುವಾಗ. ಅಲ್ಲಿಯವರೆಗೆ ಹೊಸ ಲೋಗೊ ಕಳಿಸುವುದಿಲ್ಲ. ನಿಮ್ಮ ಅನುಕೂಲ ತಿಳಿಸಿ.’

ಒಪ್ಪಿದರೆ ಬೆಳಗಿನ ಬಸ್ಸಿಗೇ ಹೋಗಿ. ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ಸಾಕು. ಕಾಕು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುವಾಗ ಪಕ್ಕದಲ್ಲಿರಿ, ಈ ಮಿಡಿ ಯಾವ ಮರದ್ದು ಎಂದು ಕೇಳಿ.